ಡೈರಿ ಮುಂದೆ ನಿಲ್ಲುವ ಬಸ್ಸು

ಆಗ ‘ಆಪ್’ ಎನ್ನುವ ಮಾತು ಇನ್ನೂ ಯಾರ ಬಾಯಿಗೂ ಬಂದಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಎಲ್ಲರ ಕೈಯಲ್ಲೂ ಬಟನ್ ಫೋನುಗಳು. ಕಂಪನಿ ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊಬೈಲಿನಿಂದಲೇ ತಿಳಿಯುವ ಒಂದು ಪ್ರೋಗ್ರಾಮು ಮಾಡಿಸಬೇಕೆಂದು ಮಾಲೂರಿನ ನಮ್ಮ ಕಾರ್ಖಾನೆಯ ಮ್ಯಾನೇಜರರಿಗೆ ಹೊಳೆಯಿತು. ಅವರಿಗೆ ಹೊಳೆದದ್ದೆಲ್ಲ ಕೊನೆಗೆ ಬಂದು ಬೀಳುತ್ತಿದ್ದುದು ನನ್ನ ಮೇಜಿನ ಮೇಲೆ. ನಾನು ಸಾರಿಗೆ ವಿಭಾಗದ ಗುಮಾಸ್ತೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ನೋಡಮ್ಮ, ಪ್ರೋಗ್ರಾಮು ಬರೆಯೋದು ಬೆಂಗಳೂರಿನವರ ಕೆಲಸ. ಏನು ಬರೀಬೇಕು ಅಂತ ಹೇಳೋದು ನಿನ್ನ ಕೆಲಸ. ತಿಂಗಳೊಳಗೆ ಪ್ಲಾನು ನನ್ನ ಟೇಬಲ್ ಮೇಲಿರ್ಬೇಕು,” ಎಂದರು.

ಅವರ ಕಷ್ಟವೂ ಸುಳ್ಳಲ್ಲ. ಒಂದು ಬಸ್ಸು ತಡವಾದರೆ ಪ್ಯಾಕಿಂಗ್ ಲೈನು ಶುರುವಾಗುತ್ತಿರಲಿಲ್ಲ. ಸೂಪರ್‌ವೈಸರುಗಳು ಗೇಟಿನ ಕಡೆ ಕತ್ತು ಚಾಚಿಕೊಂಡು ನಿಲ್ಲಬೇಕು, ಆಮೇಲೆ ಎಲ್ಲರೂ ಸೇರಿ ನನ್ನ ಮೇಲೆ ರೇಗಬೇಕು. ಬಸ್ಸು ತಡ ಎಂದು ಮೊದಲೇ ಗೊತ್ತಾದರೆ ಬೇರೆ ಲೈನಿನವರನ್ನು ಕೂರಿಸಿ ಕೆಲಸ ಶುರು ಮಾಡಬಹುದು. ಹಾಗಾಗಿ ನಾನೂ ಮೊದಮೊದಲು ಹುರುಪಿನಿಂದಲೇ ಇದ್ದೆ.

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸಿನಿಂದ ಒಬ್ಬರು ವಾರಕ್ಕೆರಡು ಸಲ ಬರುತ್ತಿದ್ದರು. ನಿಧಾನದ ಮನುಷ್ಯ, ಕಾಫಿ ಆರಿಹೋದ ಮೇಲೇ ಕುಡಿಯುವವರು. ಯೋಜನೆ ಹಾಕುವುದಷ್ಟೇ ಅವರ ಕೆಲಸ, ಪ್ರೋಗ್ರಾಮು ಬರೆಯುವವರು ಬೇರೆ. “ಒಂದು ಸಾಲು ಬರೆಯೋಕೆ ಮುಂಚೆ ಎಲ್ಲಾ ಕಾಗದದ ಮೇಲೆ ಆಗ್ಬೇಕು ಮೇಡಂ. ಸಹಿ ಬಿದ್ದ ಮೇಲೆ ಇದು ಕಲ್ಲು. ಒಂದು ಅಕ್ಷರ ಬದಲಾಯಿಸ್ಬೇಕಂದ್ರೂ ಮತ್ತೆ ಮೊದಲಿಂದ,” ಎಂದು ಮೊದಲ ದಿನವೇ ಎಚ್ಚರಿಸಿದ್ದರು.

ರಟ್ಟನ್ನು ಫೋನಿನ ಪರದೆಯಷ್ಟೇ ಅಗಲಕ್ಕೆ ಕತ್ತರಿಸಿ, ಒಂದೊಂದು ರಟ್ಟಿನ ಮೇಲೆ ಒಂದೊಂದು ಪರದೆ ಬರೆದೆವು. ಆ ಪರದೆಯೋ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ನಾಲ್ಕು ಸಾಲು ಹಿಡಿಸಿದರೆ ಹೆಚ್ಚು. ಕನ್ನಡದ ಅಕ್ಷರ ಹಾಕಿದರೆ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಸ್ಟಾಪುಗಳಿಗೆಲ್ಲ ನಂಬರು ಕೊಟ್ಟೆವು. ಬಸ್ಸು ಸ್ಟಾಪು ತಲುಪಿದ ಕೂಡಲೇ ಡ್ರೈವರು ಆ ನಂಬರು ಒತ್ತಬೇಕು, ಅದು ಮೆಸೇಜಾಗಿ ಆಫೀಸಿನ ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ‘ಹೊರಡಿ’ ಎಂದೋ ‘ಕಾಯಿರಿ’ ಎಂದೋ ಉತ್ತರ ಹೋಗಬೇಕು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ನಮ್ಮ ಡ್ರೈವರುಗಳು ಮನೆಗೆ ಮೆಸೇಜು ಕಳಿಸುತ್ತಿದ್ದುದೂ ಹಾಗೆಯೇ.

ಎಲ್ಲ ಸರಾಗವಾಗಿ ನಡೆಯುತ್ತಿತ್ತು. ತಡವಾದರೆ ಕಾರಣ ಕೇಳುವ ಪರದೆಗೆ ಬಂದೆವು ನೋಡಿ, ಅಲ್ಲಿ ಸಿಕ್ಕಿಕೊಂಡೆ.

ಯಾವ ಯಾವ ಕಾರಣಕ್ಕೆ ತಡವಾಗುತ್ತದೆ ಎಂದು ಡ್ರೈವರುಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದೆವು. ನರಸಾಪುರದ ಕಡೆಯವನು ಒಂದು ದಿನ ಪಂಚರ್ ಎಂದ, ಒಂದು ದಿನ ಹೆದ್ದಾರಿಯ ಲಾರಿ ಸಾಲು ಎಂದ. ಕೋಲಾರದ ಬಸ್ಸಿನವನಿಗೆ ಹೇಳಲು ಒಂದು ಪುರಾಣವೇ ಇತ್ತು. ಲಕ್ಕೂರಿನ ಕಡೆಯಿಂದ ಬರುವ ಬಸ್ಸಿನ ಡ್ರೈವರಣ್ಣ ಮಾತ್ರ ಒಂದೇ ಮಾತು ಹೇಳಿದ. “ಗೇಟು ಮೇಡಂ. ರೈಲ್ವೆ ಗೇಟು.”

“ಬೇರೇನೂ ಇಲ್ವಾ ಅಣ್ಣ?”

“ಇನ್ನೇನಿರುತ್ತೆ? ಗೇಟೇ.”

ಬೆಂಗಳೂರಿನವರಿಗೆ ಇದು ತುಂಬ ಹಿಡಿಸಿತು. ಒಂದೇ ಕಾರಣವಾದರೆ ಒಂದೇ ಪರಿಹಾರ. ಮೇಜಿನ ಮೇಲೆ ನಕಾಶೆ ಹರಡಿ, ಕೆರೆ ಏರಿಯ ಮೇಲೆ ಬರುವ ಇನ್ನೊಂದು ರಸ್ತೆಯನ್ನು ಬೆರಳಿಟ್ಟು ತೋರಿಸಿದರು. ಅದರಲ್ಲಿ ಗೇಟೇ ಇಲ್ಲ. ಗೇಟು ಹಾಕಿದ್ದರೆ ಬಸ್ಸನ್ನು ಆ ಕಡೆ ತಿರುಗಿಸುವಂತೆ ಫೋನಿಗೆ ಮೆಸೇಜು ಹೋಗಲಿ ಎಂದರು. ಮ್ಯಾನೇಜರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ಮೆಸೇಜ್ ಯಾಕೆ? ದಿನಾ ಅದೇ ರೋಡಲ್ಲಿ ಬರ್ಲಿ ಬಿಡಿ.”

ಯಾರಿಗೆ ಬೇಡ? ನಾನೂ ತಲೆಯಾಡಿಸಿದೆ. ಆದರೆ ಹೊಸ ರಸ್ತೆಯಲ್ಲಿ ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆಯಬೇಕಿತ್ತು, ಹೋಲಿಸಿ ನೋಡಲು ಹಳೇ ರಸ್ತೆಯದೂ ಬೇಕಿತ್ತು. ಕೈಗೆ ಗಡಿಯಾರ ಕಟ್ಟಿಕೊಂಡು ಮಾರನೇ ದಿನ ಬೆಳಿಗ್ಗೆ ಲಕ್ಕೂರಿಗೆ ಹೋಗಿ ಆ ಬಸ್ಸು ಹತ್ತಿದೆ. ನನ್ನನ್ನು ನೋಡಿ ಡ್ರೈವರಣ್ಣನ ಮುಖ ಬಾಡಿತು.

“ನೀವ್ಯಾಕೆ ಮೇಡಂ ಬಂದ್ರಿ ಇಷ್ಟು ದೂರ?”

“ಗೇಟು ನೋಡೋಕೆ,” ಎಂದೆ.

ನಾಲ್ಕನೇ ಸ್ಟಾಪು ಒಂದು ಸಣ್ಣ ಹಳ್ಳಿ. ಅಲ್ಲಿ ಹಾಲಿನ ಡೈರಿಯ ಮುಂದೆ ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ. ಡ್ರೈವರಣ್ಣ ಇಂಜಿನ್ ಆಫ್ ಮಾಡಿ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತ. ಬಸ್ಸಿನಲ್ಲಿದ್ದವರೂ ಯಾರೊಬ್ಬರೂ ಏನೂ ಕೇಳಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಡೈರಿಯ ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದವರ ಸಾಲು. ಸಾಲಿನಲ್ಲಿ ನಮ್ಮ ಕಂಪನಿಯ ನೀಲಿ ಕೋಟು ತೊಟ್ಟ ಹೆಂಗಸರು. “ಕಂಪನಿಯೋರು ಮುಂದಕ್ಕೆ ಬನ್ರಮ್ಮಾ,” ಎಂದು ಡೈರಿಯ ಸೆಕ್ರೆಟರಿ ಕೂಗಿದ. ಮುಂದೆ ನಿಂತಿದ್ದ ಮುದುಕರು, ಹುಡುಗರು ಪಕ್ಕಕ್ಕೆ ಸರಿದರು. ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು, ಮಿಷನ್ನಿಗೆ ಹಾಕಿ ಫ್ಯಾಟು ನೋಡಿ, ಅಳೆದು ಸುರಿದುಕೊಳ್ಳುವವರೆಗೆ ಕಾಯಬೇಕು. ಆಮೇಲೆ ಖಾಲಿ ಕ್ಯಾನುಗಳನ್ನು ಗೋಡೆಯ ಪಕ್ಕ ಸಾಲಾಗಿ ಇಟ್ಟು, ಸೆರಗಿಗೆ ಕೈ ಒರೆಸುತ್ತ ಓಡಿಬಂದು ಬಸ್ಸು ಹತ್ತಿದರು.

ಕೊನೆಯಲ್ಲಿ ಹತ್ತಿದವಳು ಪ್ಯಾಕಿಂಗ್ ಲೈನಿನ ಒಬ್ಬ ಅಕ್ಕ. ಅವಳನ್ನು ನಾನು ಚೆನ್ನಾಗಿ ಬಲ್ಲೆ, ಕ್ಯಾಂಟೀನಿನಲ್ಲಿ ನನಗೆ ಉಪ್ಪಿನಕಾಯಿ ಕೊಡುತ್ತಿದ್ದವಳು. ನನ್ನನ್ನು ನೋಡಿದ್ದೇ ತಡ, ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಆಮೇಲೆ ಬಂದು ನನ್ನ ಪಕ್ಕ ಕೂತಳು.

“ನೋಡಿದ್ರಾ ಮೇಡಂ?”

“ನೋಡ್ದೆ.”

“ವದ್ದಮ್ಮಾ, ಬೇಡ, ದಯವಿಟ್ಟು ಬರೀಬೇಡಿ. ಯಾರಿಗೂ ಹೇಳ್ಬೇಡಿ.”

ಅವಳ ಗಂಡ ಟೊಮೊಟೊ ಲೋಡಿನ ಗಾಡಿ ಓಡಿಸುವವನು, ಬೆಳಗಾಗುವ ಮೊದಲೇ ಹೋಗಿರುತ್ತಿದ್ದ. ಹಸು ಕರೆಯುವುದು, ಹಾಲು ಹಾಕುವುದು ಎರಡೂ ಅವಳದೇ. “ಹಸು ಮಾರ್ಬಿಟ್ಟು ಕಂಪನಿ ಕೆಲಸ ಒಂದೇ ಮಾಡಬಾರ್ದಾ ಅಕ್ಕ?” ಎಂದು ಕೇಳಿದೆ. ಪೆದ್ದು ಪ್ರಶ್ನೆ. ಅವಳಿಗೆ ನಗು ಬಂತು. “ಕಂಪನಿ ಇವತ್ತು ಬಾ ಅಂತದೆ, ನಾಳೆ ಬೇಡ ಹೋಗು ಅಂತದೆ. ಹಸು ಹಂಗನ್ನಲ್ಲ ಮೇಡಂ. ಹಂಗಂತ ಹಸೂನೇ ನಂಬ್ಕೊಂಡ್ರೆ ಮಕ್ಳ ಓದು ನಡೆಯಲ್ಲ. ಎರಡೂ ಇದ್ರೇನೇ ನಾವು.”

ಆ ದಿನ ರೈಲ್ವೆ ಗೇಟು ತೆಗೆದೇ ಇತ್ತು. ಬಸ್ಸು ನಿಲ್ಲಲೇ ಇಲ್ಲ. ಇಳಿಯುವಾಗ ಡ್ರೈವರಣ್ಣ ನನ್ನ ಮುಖ ನೋಡದೆ ಹೇಳಿದ. “ಮೇಡಂ, ನೀವು ನೋಡೇ ಇಲ್ಲ ಅಂದ್ಕೊಂಡ್ಬಿಡಿ. ನಮ್ಮವ್ವನೂ ಹಾಲು ಹಾಕೇ ನಮ್ಮನ್ನ ಸಾಕಿದ್ದು.”

ಹೇಗೆ ಅಂದುಕೊಳ್ಳಲಿ? ನಾನು ಬಾಯಿ ಮುಚ್ಚಿಕೊಂಡರೆ ಗೇಟೇ ಕಾರಣವಾಗಿ ಉಳಿಯುತ್ತದೆ, ಬಸ್ಸು ಕೆರೆ ಏರಿಯ ರಸ್ತೆಗೆ ಹೋಗುತ್ತದೆ, ಆ ಹಳ್ಳಿಯೇ ತಪ್ಪಿಹೋಗುತ್ತದೆ. ಏರಿಯವರೆಗೆ ನಡೆದು ಬರಬೇಕೆಂದರೆ ಹಾಲು ಹಾಕಿ ಬರಲು ಸಾಧ್ಯವೇ ಇಲ್ಲ. ಬಾಯಿ ಬಿಟ್ಟು ನಿಜ ಹೇಳಿದರೆ, ಕಂಪನಿ ಬಸ್ಸು ದಿನಾ ಹಸುವಿಗಾಗಿ ಕಾಯುತ್ತದೆ ಎಂದು ತಿಳಿದ ಕ್ಷಣವೇ ಮ್ಯಾನೇಜರು ಅದನ್ನು ನಿಲ್ಲಿಸುತ್ತಾರೆ. ಹೇಳಿದರೂ ಹೋಯಿತು, ಹೇಳದಿದ್ದರೂ ಹೋಯಿತು. ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಹಾಗಾಯಿತು ನನ್ನ ಸ್ಥಿತಿ. ಆ ಪ್ರೋಗ್ರಾಮು ಹುಟ್ಟುವ ಮೊದಲೇ ನನಗೆ ಅದರ ಮೇಲೆ ಸಿಟ್ಟು ಬಂದುಬಿಟ್ಟಿತ್ತು.

ಕಳ್ಳದಾರಿ ಹುಡುಕಿದೆ, ಸುಳ್ಳೇಕೆ ಹೇಳಲಿ. ಹಳೇ ರಸ್ತೆಯೇ ಸಾಕೆಂದು ವಾದಿಸಿ, ಮೂರನೇ ಸ್ಟಾಪಿನಿಂದ ನಾಲ್ಕನೆಯದಕ್ಕೆ ಹಿಡಿಯುವ ಹೊತ್ತನ್ನು ಸ್ವಲ್ಪ ಹಿಗ್ಗಿಸಿ ಬರೆದೆ. ಕಾಯುವುದೆಲ್ಲ ಪ್ರಯಾಣದ ಲೆಕ್ಕದಲ್ಲಿ ಕರಗಿಹೋಗಲಿ ಎಂದು. ಬೆಂಗಳೂರಿನವರು ಆರಿದ ಕಾಫಿ ಹೀರುತ್ತ ಆ ಸಾಲಿನ ಮೇಲೆ ಪೆನ್ಸಿಲು ಇಟ್ಟರು. “ಮೇಡಂ, ಇಷ್ಟು ಹತ್ತಿರಕ್ಕೆ ಇಷ್ಟು ಹೊತ್ತಾ? ಎತ್ತಿನ ಗಾಡಿನಾ ಇದು?” ಕೈ ತಪ್ಪಿ ಬರೆದೆನೆಂದು ಅಳಿಸಿದೆ.

ಆಮೇಲೆ ಡೈರಿಗೇ ಹೋಗಿ, ಬಾಗಿಲು ಇನ್ನೂ ಸ್ವಲ್ಪ ಬೇಗ ತೆಗೆಯಲು ಆಗುತ್ತದೆಯೇ ಎಂದು ಸೆಕ್ರೆಟರಿಯನ್ನು ಕೇಳಿದೆ. “ನಾನು ತೆಗಿತೀನಮ್ಮ. ಹಾಲಿನ ಲಾರಿ ಅದರ ಟೈಮಿಗೇ ಬರೋದು. ಮುಂಚೇನೇ ಸುರ್ಕೊಂಡು ಕೂತ್ರೆ ಹಾಲು ಒಡೆದ್ರೆ ಯಾರು ಹೊಣೆ? ಇನ್ನು ಹಸು, ನಿನ್ನೆ ಸಂಜೆ ಕರೆದಿದ್ದೀವಿ, ಇವತ್ತು ಬೆಳಿಗ್ಗೆ ಬೇಗ ಕೊಡು ಅಂದ್ರೆ ಕೊಟ್ಬಿಡುತ್ತಾ?” ಎಂದ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಬಂದೆ.

ಸಹಿಯ ದಿನ ಬಂತು. ಮ್ಯಾನೇಜರ ಕೋಣೆಯಲ್ಲಿ ನಾವು ಮೂವರೇ. ಕೆರೆ ಏರಿಯ ರಸ್ತೆಯನ್ನು ಹಸಿರು ಸ್ಕೆಚ್‌ಪೆನ್ನಿನಲ್ಲಿ ಗುರುತು ಮಾಡಿದ್ದ ಹಾಳೆ ಮೇಜಿನ ಮೇಲಿತ್ತು. ಮ್ಯಾನೇಜರು ಪೆನ್ನಿನ ಕ್ಯಾಪು ತೆಗೆದರು. ನನ್ನ ಬಾಯಿ ಮೊದಲಿಂದಲೂ ನನ್ನ ಮಾತು ಕೇಳುವಂಥದ್ದಲ್ಲ.

“ಸಾರ್, ತಡ ಆಗೋದು ಗೇಟಿಂದ ಅಲ್ಲ.”

ಎಲ್ಲ ಹೇಳಿದೆ. ಡೈರಿ, ಸಾಲು, ಗೋಡೆ ಪಕ್ಕದ ಕ್ಯಾನುಗಳು. ಆ ಹಳ್ಳಿಯವರೆಲ್ಲ ಒಂದೇ ಲೈನಿನಲ್ಲಿ ಕೂರುವವರು, ರಸ್ತೆ ಬದಲಾದರೆ ಅವರಲ್ಲಿ ಯಾರೂ ಬರುವುದಿಲ್ಲ, ಆಗ ಲೈನು ತಡವಾಗುವುದಲ್ಲ, ನಿಂತೇ ಹೋಗುತ್ತದೆ ಎಂದೆ. ಅವರಿಗೆ ಅರ್ಥವಾಗುವ ಭಾಷೆ ಅದೊಂದೇ ಎಂದು ನನಗೆ ಗೊತ್ತಿತ್ತು.

“ಯಾರ್ಯಾರು ಅವರು? ಹೆಸರು ಹೇಳು.”

“ಹೆಸರು ಹೇಳಲ್ಲ ಸಾರ್.”

“ಹೇಳಲ್ವಾ? ಕಾಯಂ ಆಗ್ಬೇಕೋ ಬೇಡ್ವೋ ನೀನು?”

ಕಾಯಂ ಆಗಬೇಕಿತ್ತು. ಆದರೂ ಬಾಯಿಂದ ಒಂದು ಹೆಸರೂ ಹೊರಡಲಿಲ್ಲ. ಬೆಂಗಳೂರಿನವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಈ ಕಡೆ ತಿರುಗಿ, ಡೈರಿಯನ್ನೇ ಸ್ಟಾಪು ಎಂದು ಬರೆದು ಅಲ್ಲಿ ಕಾಯಲು ಇಂತಿಷ್ಟೇ ಹೊತ್ತು ಎಂದು ಗೊತ್ತುಮಾಡಬಹುದು, ಅದು ದೊಡ್ಡ ಕೆಲಸವೇನಲ್ಲ ಎಂದು ಮೆಲ್ಲಗೆ ಹೇಳಿದರು. ಮ್ಯಾನೇಜರು ಪೆನ್ನಿನ ಕ್ಯಾಪು ಮತ್ತೆ ಹಾಕಿದರು.

“ಐದು ನಿಮಿಷ. ಆರನೇ ನಿಮಿಷಕ್ಕೆ ಬಸ್ಸು ಹೊರಡ್ಬೇಕು. ಹೋಗು, ಬರಿ.”

ಗೆದ್ದೆ ಎಂದುಕೊಂಡೆ. ಹಿಗ್ಗಿ ಹೋಗಿ ಆ ಮಧ್ಯಾಹ್ನವೇ ಕ್ಯಾಂಟೀನಿನಲ್ಲಿ ಅಕ್ಕನಿಗೆ ಹೇಳಿದೆ. ಇನ್ನು ಮೇಲೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, ನಿಮ್ಮ ಡೈರಿ ಈಗ ಕಂಪನಿಯ ಸ್ಟಾಪು ಎಂದೆ. ಅವಳು ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

“ಐದು ನಿಮಿಷ ಅಂತ ಯಾರಿಗೆ ಹೇಳಿದ್ರಿ ಮೇಡಂ, ಹಸೂಗಾ? ಕೆಲವು ದಿನ ಎರಡು ನಿಮಿಷಕ್ಕೇ ಆಗೋಗುತ್ತೆ. ಕರೆಂಟ್ ಹೋದ ದಿನ ಮಿಷನ್ ಓಡಲ್ಲ. ಅಣ್ಣ ನಮ್ಮ ಮುಖ ನೋಡಿ ಕಾಯ್ತಿದ್ದ. ನಿಮ್ಮ ಫೋನು ಮುಖ ನೋಡುತ್ತಾ? ನಾನು ಬೇಡ ಅಂತ ಹೇಳಿದ್ದೆ.”

ಎದ್ದು ಹೋದಳು. ಉಪ್ಪಿನಕಾಯಿ ಡಬ್ಬಿಯನ್ನೂ ಎತ್ತಿಕೊಂಡೇ ಹೋದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಪ್ರೋಗ್ರಾಮು ಬರೆಯುವವರ ಕೈಗೆ ಕೊಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಕಾಗದದ ಮೇಲೆ ಬರೆದದ್ದು ನಿಜವಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವುದು. ಫೋನಿನಲ್ಲಿ ಇನ್ನೂ ಏನೂ ಇಲ್ಲವಲ್ಲ, ಹಾಗಾಗಿ ಡ್ರೈವರು ಪ್ರತಿ ಸ್ಟಾಪಿನಿಂದ ಆಫೀಸಿಗೆ ಫೋನು ಮಾಡುವುದು, ನಾನು ರಟ್ಟುಗಳನ್ನು ಮುಂದಿಟ್ಟುಕೊಂಡು, ಅದರ ಮೇಲೆ ಏನಿದೆಯೋ ಅಷ್ಟನ್ನೇ ಓದಿ ಹೇಳುವುದು. ಸ್ವಂತ ಮಾತು ಒಂದೂ ಸೇರಿಸಬಾರದು. “ಇವತ್ತು ನೀವು ಮನುಷ್ಯರಲ್ಲ ಮೇಡಂ, ಪ್ರೋಗ್ರಾಮು,” ಎಂದು ಬೆಂಗಳೂರಿನವರು ತಮಾಷೆ ಮಾಡಿದರು. ಮ್ಯಾನೇಜರು ನನ್ನ ಹಿಂದೆಯೇ ಬಂದು ನಿಂತರು.

ಮೊದಲ ಸ್ಟಾಪು. “ಒಂದು ಮೇಡಂ.” “ಹೊರಡಿ,” ಎಂದೆ. ಎರಡು, ಮೂರು, ಎಲ್ಲ ಸಮಯಕ್ಕೆ ಸರಿಯಾಗಿ. ಮ್ಯಾನೇಜರು ‘ಹ್ಞೂಂ’ ಎಂದು ತಲೆದೂಗಿದರು.

“ನಾಲ್ಕು ಮೇಡಂ.”

“ಕಾಯಿರಿ.”

ಗಡಿಯಾರದ ಮುಳ್ಳು ಓಡಿತು. ಆಮೇಲೆ ಮತ್ತೆ ಫೋನು.

“ಮೇಡಂ, ಟೈಮ್ ಆಯ್ತು. ಇಲ್ಲಿ ಕರೆಂಟ್ ಹೋಗಿತ್ತು, ಈಗ ಬಂತು. ಎಲ್ಲಾ ಹತ್ತವ್ರೆ. ಅಕ್ಕ ಒಬ್ಳೇ ಇರೋದು, ಅವಳ ಮುಂದೆ ಇನ್ನೊಬ್ರು ಅವ್ರೆ. ಕ್ಯಾನು ಕೈಯಲ್ಲೇ ಅದೆ. ಏನ್ ಮಾಡ್ಲಿ? ಹೊರಡ್ಲಾ?”

ನನ್ನ ಮುಂದಿನ ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ಒಂದೇ ಮಾತಿತ್ತು. ಹೊರಡಿ. ಅದನ್ನು ಓದದೆ ರಟ್ಟನ್ನು ಮಗುಚಿ ಹಾಕಿದೆ. ಫೋನಿನಲ್ಲಿ ಡೈರಿಯ ಗಲಾಟೆ ಕೇಳುತ್ತಿತ್ತು, ಕ್ಯಾನಿನ ಮುಚ್ಚಳದ ಸದ್ದು, ಯಾರೋ “ಬೇಗ ಬೇಗ” ಎನ್ನುತ್ತಿದ್ದುದು.

“ಓದು,” ಎಂದರು ಮ್ಯಾನೇಜರು ಹಿಂದಿನಿಂದ.

ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. ತಿರುಗಿ ಫೋನನ್ನು ಅವರ ಕಡೆ ಚಾಚಿದೆ. “ನೀವೇ ಹೇಳಿ ಸಾರ್. ನಾಳೆಯಿಂದ ಇದನ್ನ ಯಾರೂ ಹೇಳಲ್ಲ, ಮಿಷನ್ನೇ ಹೇಳುತ್ತೆ. ಇವತ್ತು ಒಂದು ಸಲ ನಿಮ್ಮ ಬಾಯಲ್ಲಿ ಹೇಳ್ಬಿಡಿ.”

ತೆಗೆದುಕೊಂಡರು. ಕಿವಿಗೂ ಇಟ್ಟುಕೊಂಡರು. ಆ ಕಡೆ ಡ್ರೈವರಣ್ಣನಿಗೆ ಫೋನು ಕೈ ಬದಲಾದದ್ದು ಗೊತ್ತಿಲ್ಲ. “ಹಲೋ, ಬೇಗ ಹೇಳಿ ಮೇಡಂ, ಅಕ್ಕ ಹಾಲು ಅಲ್ಲೇ ಬಿಟ್ಟು ಓಡಿಬರಕ್ಕೆ ನೋಡ್ತಾವ್ಳೆ,” ಎಂದದ್ದು ನನಗೂ ಕೇಳಿಸಿತು. ಮ್ಯಾನೇಜರ ಬಾಯಿ ಒಂದು ಸಲ ತೆರೆದು ಮುಚ್ಚಿತು. ಫೋನನ್ನು ನನ್ನ ಕೈಗೇ ತುರುಕಿದರು.

“ನೀನೇ ಏನಾದ್ರೂ ಹೇಳ್ಕೊ.”

“ಕಾಯಿರಿ ಅಣ್ಣ,” ಎಂದೆ.

ಮ್ಯಾನೇಜರು ಮುಖ ಕೆಂಪು ಮಾಡಿಕೊಂಡು ಅತ್ತಿಂದಿತ್ತ ಓಡಾಡಿದರು. ಆಮೇಲೆ ಬೆಂಗಳೂರಿನವರ ಕಡೆ ತಿರುಗಿ, ಡ್ರೈವರು ಐದು ನಿಮಿಷದ ಮೇಲೂ ಕಾಯಬೇಕೆಂದರೆ ಇವಳ ಫೋನಿಗೇ ಕರೆ ಹೋಗುವ ಹಾಗೆ ಮಾಡಿ, ಇವಳು ಕಾಯಿ ಎಂದರೆ ಕಾಯಲಿ, ಹೊರಡು ಎಂದರೆ ಹೊರಡಲಿ ಎಂದರು. ನನಗೆ ಬೆರಳು ತೋರಿಸಿದರು. “ಇವಳು ಫೋನ್ ಎತ್ತಲಿಲ್ಲ ಅಂದ್ರೆ ಬಸ್ಸು ಹೊರಡುತ್ತೆ. ಲೈನು ಲೇಟಾದ್ರೆ ಇವಳ ಹೆಸರು. ಅಷ್ಟು ಕರುಣೆ ಇದ್ಮೇಲೆ ಹೊಣೇನೂ ಹೊತ್ಕೊಳಮ್ಮ.”

ಬೆಂಗಳೂರಿನವರು ಖಾಲಿ ರಟ್ಟೊಂದನ್ನು ತೆಗೆದು ಅದರ ಮೇಲೆ ನನ್ನ ಫೋನ್ ನಂಬರು ಬರೆದರು. ಅದೂ ಯೋಜನೆಯ ಒಂದು ಪರದೆಯಾಯಿತು. ಆ ಮಧ್ಯಾಹ್ನ ಮೂವರ ಸಹಿಯೂ ಬಿತ್ತು, ಕಲ್ಲಾಯಿತು.

ಅಕ್ಕ ಸಂಜೆ ಬಸ್ಸಿಗೆ ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದಳು. ಡ್ರೈವರಣ್ಣ ಎಲ್ಲ ಹೇಳಿದ್ದ. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದುಕೊಂಡೆ. ಅವಳು ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತಳು, ಮುಖದಲ್ಲಿ ಭಯವೇ ಇತ್ತು.

“ಮೇಡಂ, ನೀವು ರಜಾ ಹಾಕಿದ ದಿನ ನಮ್ಮ ಗತಿ?”

“ಹಾಕಲ್ಲ ಅಕ್ಕ,” ಎಂದುಬಿಟ್ಟೆ.

ಪ್ರೋಗ್ರಾಮು ಮುಂದೆ ಕೆಲವು ತಿಂಗಳಿಗೆ ಫೋನುಗಳಿಗೆ ಬಂತು. ನನ್ನ ಕೆಲಸವೂ ಕಾಯಂ ಆಯಿತು. ಎಲ್ಲ ದಿನವೂ ಫೋನು ಬರುತ್ತಿರಲಿಲ್ಲ, ಆದರೆ ಯಾವ ದಿನ ಬರುತ್ತದೆಂದು ತಿಳಿಯದೆ ಎಲ್ಲ ದಿನವೂ ಕಾದೆ. ಆ ಹೊತ್ತಿಗೆ ಸ್ನಾನಕ್ಕೆ ಹೋಗಲಿಲ್ಲ, ಸಿಗ್ನಲ್ ಸಿಗದ ಊರಿಗೆ ಹೋಗಲಿಲ್ಲ. ಜ್ವರ ಬಂದು ಮಲಗಿದ್ದಾಗ ಫೋನು ದಿಂಬಿನ ಮೇಲೇ ಇತ್ತು. ಕೆಲವು ಸಲ ಆ ರಟ್ಟಿನ ಮೇಲೆ ನಂಬರು ಬರೆಯಲು ಬಿಟ್ಟ ನನ್ನನ್ನು ನಾನೇ ಬೈದುಕೊಂಡೆ. ಫೋನು ಎತ್ತದೆ ಮಾತ್ರ ಇರಲಿಲ್ಲ.

ನನ್ನ ಮದುವೆ ಮುಳಬಾಗಿಲಿನಲ್ಲಿ ನಡೆಯಿತು, ಬೆಳಗಿನ ಮುಹೂರ್ತ. ಅಂತರಪಟ ಹಿಡಿದಿದ್ದರು, ಓಲಗ ಜೋರಾಗುತ್ತಿತ್ತು. ನನ್ನ ಎರಡೂ ಕೈಯಲ್ಲಿ ಜೀರಿಗೆ ಬೆಲ್ಲ ಇದ್ದುದರಿಂದ ಫೋನನ್ನು ತಂಗಿಯ ಕೈಗೆ ಕೊಟ್ಟಿದ್ದೆ. ಅದು ಹೊಡೆದುಕೊಂಡಿತು. ಪುರೋಹಿತರು ಕಣ್ಣು ಕೆಕ್ಕರಿಸಿದರು, ಅಮ್ಮ “ಏನೇ ಇದು ಅನಿಷ್ಟ” ಎಂದು ಹಲ್ಲು ಕಡಿದಳು. ತಂಗಿ ಬಾಸಿಂಗ ಸರಿಸಿ ನನ್ನ ಕಿವಿಗೆ ಹಿಡಿದಳು.

“ಮೇಡಂ, ಹೊರಡ್ಲಾ?”

“ಕಾಯಿರಿ ಅಣ್ಣ,” ಎಂದೆ.